ಟ್ರ್ಯಾಕ್ಟರ್ ಕೂರಿಗೆಯ ಸುರಕ್ಷಿತ ಬಳಕೆ ಮತ್ತು ಸಾಗಣೆ



ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಬೇಸಾಯಗಾರರಿಗೆ ಭರಣಿ ಮತ್ತು ಕೃತ್ತಿಕೆ ಮಳೆಗಳ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ ಬೀಳುವ ಈ ಮಳೆಗಳನ್ನು ನಂಬಿ ಜೋಳ, ಸೂರ್ಯಕಾಂತಿ, ನೆಲಗಡಲೆ, ಹತ್ತಿ ಮುಂತಾದ ಬೆಳೆಗಳ ಬಿತ್ತನೆ ನಡೆಯುತ್ತದೆ. ಕೆಂಪು ಮಣ್ಣಿನಲ್ಲಿ ಒಂದು ಹದ ಮಳೆ ಬಿದ್ದರೆ ತೇವ ಬಿತ್ತನೆಗೆ ಸರಿಯಾಗಿ ಉಳಿಯುವುದು ಎರಡು ಅಥವಾ ಮೂರು ದಿನ ಮಾತ್ರ. ಅಷ್ಟರೊಳಗೆ ಬೀಜ ಮಣ್ಣು ಸೇರಬೇಕು. ಊರಿನಲ್ಲಿ ಟ್ರ್ಯಾಕ್ಟರ್ ಕೂರಿಗೆ ಇರುವುದು ಒಂದೋ ಎರಡೋ, ಅದಕ್ಕಾಗಿ ಕಾಯುವವರು ಹತ್ತಾರು ಮಂದಿ. ಆದ್ದರಿಂದ ಕೂರಿಗೆಯು ಬೆಳಗಿನಿಂದ ಕತ್ತಲಾಗುವವರೆಗೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಓಡಾಡುತ್ತಲೇ ಇರುತ್ತದೆ.

ಈ ಆತುರವೇ ಅಪಘಾತದ ಮೂಲ. ಕೂರಿಗೆಯಿಂದ ಆಗುವ ಅವಘಡಗಳು ಸಾಲು ಬಿಡುತ್ತಾ ನೇರವಾಗಿ ಸಾಗುವಾಗ ಆಗುವುದು ವಿರಳ. ಕೊಳವೆ ಕಟ್ಟಿತೆಂದು ಚಾಲಕನು ಕೆಳಗೆ ಇಳಿದಾಗ, ಕೂರಿಗೆಯನ್ನು ಟ್ರ್ಯಾಕ್ಟರಿಗೆ ಜೋಡಿಸುವಾಗ ಮತ್ತು ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಸಾಗಿಸುವಾಗ ಅಪಾಯ ಹೆಚ್ಚು. ಈ ಮೂರು ಸಂದರ್ಭಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನನ್ನ ಕಣ್ಣೆದುರಿಗೆ ನಡೆದದ್ದು

ಕೆಲವು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಪುಣಜನೂರಿನ ಕಡೆಯ ಒಂದು ಹಳ್ಳಿಯಲ್ಲಿ ಸಾಲು ಬಿತ್ತನೆಯ ಪ್ರಾತ್ಯಕ್ಷಿಕೆಯನ್ನು ನಾನೇ ಏರ್ಪಡಿಸಿದ್ದೆ. ಮಧ್ಯಾಹ್ನದ ವೇಳೆಗೆ ಒಂದು ಹೊಲದ ಬಿತ್ತನೆ ಮುಗಿಯಿತು. ಎರಡನೆಯ ಹೊಲ ಅಲ್ಲಿಂದ ಅರ್ಧ ಕಿಲೋಮೀಟರ್ ದೂರದಲ್ಲಿತ್ತು. ಆ ಹೊಲದ ಯಜಮಾನರ ಮಗ, ಹನ್ನೆರಡು ವರ್ಷದ ಹುಡುಗ, ಶಾಲೆಗೆ ರಜೆಯಾದ್ದರಿಂದ ತಂದೆಯ ಜೊತೆ ಬಂದಿದ್ದ. ಕೂರಿಗೆಯನ್ನು ಮೇಲೆತ್ತಿ ಟ್ರ್ಯಾಕ್ಟರ್ ಹೊರಟಾಗ ಅವನು ಹಿಂದಿನ ಹಲಗೆಯ ಮೇಲೆ ನಿಂತು ಬೀಜದ ಪೆಟ್ಟಿಗೆಯನ್ನು ಹಿಡಿದುಕೊಂಡ. ನಾನು ಅದನ್ನು ನೋಡಿದೆ. ಅರ್ಧ ಕಿಲೋಮೀಟರ್ ತಾನೆ ಎಂದುಕೊಂಡು ಸುಮ್ಮನಾದೆ.

ದಾರಿಯಲ್ಲಿ ಒಂದು ಮೋರಿಯ ಉಬ್ಬು. ಟ್ರ್ಯಾಕ್ಟರಿನ ಹಿಂದಿನ ಚಕ್ರ ಅದನ್ನು ಹತ್ತಿ ಇಳಿದಾಗ ಕೂರಿಗೆ ಕುಣಿಯಿತು, ಹುಡುಗ ರಸ್ತೆಗೆ ಬಿದ್ದ. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಹಿಂದಿನಿಂದ ಬರುತ್ತಿದ್ದ ನಮ್ಮ ಜೀಪು ಸ್ವಲ್ಪ ದೂರದಲ್ಲಿತ್ತು. ಹತ್ತಿರವಿದ್ದಿದ್ದರೆ ಈ ಲೇಖನ ಬರೆಯುವ ಮುಖ ನನಗೆ ಇರುತ್ತಿರಲಿಲ್ಲ. ಹುಡುಗ ಮತ್ತೆ ಶಾಲೆಗೆ ಹೋದದ್ದು ದಸರಾ ಕಳೆದ ಮೇಲೆ. ತಂದೆ ಆಸ್ಪತ್ರೆಯಲ್ಲಿ ಮಗನ ಬಳಿ ಉಳಿದರು, ಅವರ ಹೊಲದ ಹದ ಆರಿಹೋಯಿತು. ಯಾವ ಹೊತ್ತನ್ನು ಉಳಿಸಲೆಂದು ನಾವು ಆತುರಪಟ್ಟೆವೋ ಆ ಹೊತ್ತೇ ಕೈಬಿಟ್ಟುಹೋಯಿತು.

ಎತ್ತಿನ ಕೂರಿಗೆಗೂ ಟ್ರ್ಯಾಕ್ಟರ್ ಕೂರಿಗೆಗೂ ಇರುವ ವ್ಯತ್ಯಾಸ

ಕೂರಿಗೆ ನಮಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ರೈತರು ಕೂರಿಗೆಯಿಂದ ರಾಗಿ ಬಿತ್ತುವುದನ್ನು ಕಂಡು ಅದರ ವಿವರಗಳನ್ನು ಬರೆದಿಟ್ಟಿದ್ದಾನೆ. ಅಂಥ ಮರದ ಕೂರಿಗೆಯಲ್ಲಿ ಬಟ್ಟಲಿಗೆ ಬೀಜ ಬಿಡುವವರು ಕೂರಿಗೆಯ ಹಿಂದೆ ನಡೆಯುತ್ತಾರೆ. ಕೊಳವೆ ಕಟ್ಟಿದರೆ 'ಹೋ' ಎಂದರೆ ಸಾಕು, ಎತ್ತುಗಳು ನಿಲ್ಲುತ್ತವೆ. ಎತ್ತಿಗೆ ಕಿವಿಯಿದೆ, ಟ್ರ್ಯಾಕ್ಟರಿಗೆ ಇಲ್ಲ. ಹಿಂದೆ ಇರುವವರ ಕೂಗು ಎಂಜಿನ್ನಿನ ಸದ್ದಿನಲ್ಲಿ ಚಾಲಕನಿಗೂ ಕೇಳಿಸುವುದಿಲ್ಲ.

ಎರಡನೆಯದಾಗಿ ಭಾರ. ಏಳು ಅಥವಾ ಒಂಬತ್ತು ತಾಳಿನ ಟ್ರ್ಯಾಕ್ಟರ್ ಕೂರಿಗೆಯು ಮಾದರಿಗೆ ತಕ್ಕಂತೆ ಖಾಲಿ ಇರುವಾಗಲೇ ಸುಮಾರು 250ರಿಂದ 350 ಕಿ.ಗ್ರಾಂ. ತೂಗುತ್ತದೆ. ಬೀಜ ಮತ್ತು ಗೊಬ್ಬರ ತುಂಬಿದರೆ ಇನ್ನೂ ಒಂದು ಕ್ವಿಂಟಾಲಿನಷ್ಟು ಸೇರುತ್ತದೆ. ಇಷ್ಟು ಭಾರ ಮೇಲೆತ್ತಿದಾಗ ನಿಂತಿರುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡದ ಮೇಲೆ. ಎಂಜಿನ್ ನಿಲ್ಲಿಸಿದ್ದರೂ ಲಿಫ್ಟಿನ ಸನ್ನೆಗೆ ಯಾರದಾದರೂ ಕೈ ತಗುಲಿದರೆ ಕೂರಿಗೆ ತಟಕ್ಕನೆ ಕೆಳಗೆ ಕೂರುತ್ತದೆ. ಮೇಲೆತ್ತಿದ ಕೂರಿಗೆಯನ್ನು ಎಂದೂ ನಂಬಬಾರದು.

ಮಳೆಗೆ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಹೊಲದಲ್ಲಿ ಕೂರಿಗೆಯ ಬಳಿ ಕೈ ಹಾಕುವ ಸಂದರ್ಭಗಳು ಎಷ್ಟು ಕಡಿಮೆಯಾದರೆ ಅಪಾಯವೂ ಅಷ್ಟು ಕಡಿಮೆ. ಆದ್ದರಿಂದ ರಿಪೇರಿ ಮತ್ತು ಹೊಂದಾಣಿಕೆಯ ಕೆಲಸಗಳನ್ನು ಮಳೆಗೆ ಮುನ್ನ, ಮನೆಯ ಅಂಗಳದಲ್ಲಿ, ನಿಧಾನವಾಗಿ ಮುಗಿಸಿಕೊಳ್ಳತಕ್ಕದ್ದು.

1. ಎಲ್ಲ ಬೋಲ್ಟು ನಟ್ಟುಗಳನ್ನು ಬಿಗಿ ಮಾಡಿರಿ. ಸವೆದ ತಾಳಿನ ಮೊನೆಗಳನ್ನು ಬದಲಾಯಿಸಿರಿ.

2. ಬೀಜ ಹಾಗೂ ಗೊಬ್ಬರದ ಕೊಳವೆಗಳು ಬಿರುಕು ಬಿಟ್ಟಿದ್ದರೆ ಅಥವಾ ಮಡಿಚಿಕೊಂಡಿದ್ದರೆ ಹೊಸದನ್ನು ಹಾಕಿರಿ. ಮಡಿಚಿದ ಕೊಳವೆಯೇ ಹೊಲದಲ್ಲಿ ಮೊದಲು ಕಟ್ಟುವುದು.

3. ಕಳೆದ ವರ್ಷದ ಗೊಬ್ಬರ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಕೆರೆದು ತೆಗೆದು, ತೊಳೆದು, ಒಣಗಿಸಿರಿ.

4. ನೆಲಚಕ್ರದಿಂದ ಪೆಟ್ಟಿಗೆಗೆ ಚಲನೆ ಒಯ್ಯುವ ಸರಪಳಿ ಮತ್ತು ಹಲ್ಲುಚಕ್ರಗಳ ಮೇಲೆ ತಗಡಿನ ಮುಚ್ಚಳ ಇರಲೇಬೇಕು. ಇಲ್ಲದಿದ್ದರೆ ಊರಿನ ಬೆಸುಗೆಯವರಿಂದ ಮಾಡಿಸಿಕೊಳ್ಳಿರಿ. ಇದಕ್ಕೆ ತಗಲುವ ಖರ್ಚು ಒಂದು ಬೆರಳಿನ ಬೆಲೆಗೆ ಹೋಲಿಸಿದರೆ ಏನೂ ಅಲ್ಲ.

5. ಟ್ರ್ಯಾಕ್ಟರಿಗೆ ಕೂರಿಗೆಯನ್ನು ಹಿಡಿದಿಡುವ ಪಿನ್ನುಗಳು ಮತ್ತು ಅವುಗಳಿಗೆ ಬೀಗವಾಗುವ ಬಳೆಯ ಪಿನ್ನುಗಳು ಎಲ್ಲವೂ ಇವೆಯೇ ಎಂದು ಎಣಿಸಿ ನೋಡಿರಿ. ಬಳೆಯ ಪಿನ್ನು ಕಳೆದುಹೋಯಿತೆಂದು ಮೊಳೆ ಅಥವಾ ತಂತಿ ಸಿಕ್ಕಿಸುವುದು ಬಹಳ ಕಡೆ ಕಂಡುಬರುವ ರೂಢಿ. ರಸ್ತೆಯ ಕುಲುಕಾಟಕ್ಕೆ ಮೊಳೆ ಉದುರುತ್ತದೆ, ಒಂದು ಪಕ್ಕದ ತೋಳು ಕಳಚಿಕೊಳ್ಳುತ್ತದೆ, ಕೂರಿಗೆ ರಸ್ತೆಗೆ ಅಡ್ಡ ಬೀಳುತ್ತದೆ. ಒಂದೆರಡು ಹೆಚ್ಚಿನ ಪಿನ್ನುಗಳನ್ನು ಸಾಮಾನಿನ ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ಬೀಜದ ಪ್ರಮಾಣವನ್ನು ಮನೆಯಲ್ಲೇ ಸರಿಮಾಡಿಕೊಳ್ಳುವುದು

ಬೀಜ ಹೆಚ್ಚು ಬೀಳುತ್ತದೆಯೋ ಕಡಿಮೆ ಬೀಳುತ್ತದೆಯೋ ಎಂದು ಹೊಲದಲ್ಲಿ ಪದೇ ಪದೇ ಇಳಿದು ನೋಡುವುದನ್ನು ತಪ್ಪಿಸಲು ಈ ಕೆಳಗಿನ ವಿಧಾನ ಸುಲಭವಾಗಿದೆ.

ಕೂರಿಗೆಯನ್ನು ಎತ್ತಿ, ಚೌಕಟ್ಟಿನ ಎರಡು ತುದಿಗಳ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಇಟ್ಟು, ಅವುಗಳ ಮೇಲೆ ಕೂರಿಗೆಯನ್ನು ಇಳಿಸಿರಿ. ಎಂಜಿನ್ ನಿಲ್ಲಿಸಿರಿ. ಇಟ್ಟಿಗೆ, ಕಲ್ಲಿನ ರಾಶಿ ಅಥವಾ ಬರಿಯ ಜಾಕ್ ಈ ಕೆಲಸಕ್ಕೆ ತಕ್ಕದ್ದಲ್ಲ. ನೆಲಚಕ್ರ ಈಗ ಗಾಳಿಯಲ್ಲಿ ಸುತ್ತುವಂತಿರಬೇಕು. ಪ್ರತಿ ಕೊಳವೆಯ ಬಾಯಿಗೆ ಒಂದೊಂದು ಚೀಲ ಕಟ್ಟಿ ಚಕ್ರವನ್ನು 20 ಸುತ್ತು ತಿರುಗಿಸಿ, ಬಿದ್ದ ಬೀಜವನ್ನು ತೂಗಿರಿ.

ಉದಾಹರಣೆಗೆ, 30 ಸೆಂ.ಮೀ. ಅಂತರದ ಏಳು ಸಾಲಿನ ಕೂರಿಗೆಯ ಬಿತ್ತನೆ ಅಗಲ 2.1 ಮೀಟರ್. ನೆಲಚಕ್ರದ ವ್ಯಾಸ 40 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಅದು ಸುಮಾರು 1.26 ಮೀಟರ್ ಸಾಗುತ್ತದೆ. 20 ಸುತ್ತಿಗೆ ಸುಮಾರು 53 ಚದರ ಮೀಟರ್ ನೆಲ ಬಿತ್ತಿದಂತಾಯಿತು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಎಕರೆಗೆ 5 ಕಿ.ಗ್ರಾಂ. ರಾಗಿ ಬೀಳಬೇಕಾದರೆ 20 ಸುತ್ತಿನಲ್ಲಿ ಏಳೂ ಕೊಳವೆಗಳಿಂದ ಒಟ್ಟು 65 ಗ್ರಾಂ. ರಾಗಿ, ಅಂದರೆ ಪ್ರತಿ ಕೊಳವೆಯಿಂದ 9 ಗ್ರಾಂ. ಗಿಂತ ಸ್ವಲ್ಪ ಹೆಚ್ಚು ದೊರೆಯಬೇಕು. ವ್ಯತ್ಯಾಸ ಬಂದರೆ ಪೆಟ್ಟಿಗೆಯ ಸನ್ನೆಯನ್ನು ಸರಿಸಿ ಮತ್ತೊಮ್ಮೆ ತೂಗಿರಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಒಬ್ಬರು ಚಕ್ರ ತಿರುಗಿಸುವಾಗ ಇನ್ನೊಬ್ಬರು ಪೆಟ್ಟಿಗೆಯೊಳಗೆ ಅಥವಾ ಸರಪಳಿಯ ಬಳಿ ಬೆರಳಿಡಬಾರದು. ಕೈಯಿಂದ ತಿರುಗಿಸಿದ ಚಕ್ರವೂ ಬೆರಳನ್ನು ಜಜ್ಜಬಲ್ಲದು.

ಟ್ರ್ಯಾಕ್ಟರಿಗೆ ಜೋಡಿಸುವ ಕ್ರಮ

ಸಮತಟ್ಟಾದ ಗಟ್ಟಿ ನೆಲದಲ್ಲಿ ಕೂರಿಗೆಯನ್ನು ನಿಲ್ಲಿಸಿರಿ. ಟ್ರ್ಯಾಕ್ಟರನ್ನು ನಿಧಾನವಾಗಿ ಹಿಂದಕ್ಕೆ ತರುವಾಗ ಕೂರಿಗೆ ಮತ್ತು ಟ್ರ್ಯಾಕ್ಟರಿನ ನಡುವೆ ಯಾರೂ ನಿಲ್ಲಬಾರದು. 'ಬಾ, ಬಾ, ಇನ್ನೊಂದು ಗೇಣು' ಎಂದು ಕೈಸನ್ನೆ ಮಾಡುವವರು ಪಕ್ಕದಲ್ಲಿ, ಚಾಲಕನಿಗೆ ಕಾಣುವಂತೆ ನಿಲ್ಲಬೇಕು. ಟ್ರ್ಯಾಕ್ಟರ್ ನಿಂತು, ಗೇರು ತಟಸ್ಥವಾಗಿ, ಕೈ ಬ್ರೇಕು ಬಿದ್ದು, ಎಂಜಿನ್ ಆರಿದ ಮೇಲೆ ಮಾತ್ರ ನಡುವೆ ಬಂದು ಪಿನ್ನು ಹಾಕಬೇಕು.

ಮೊದಲು ಎಡಗಡೆಯ ಕೆಳತೋಳು, ನಂತರ ಎತ್ತರ ಹೊಂದಿಸಲು ಬರುವ ಬಲಗಡೆಯ ಕೆಳತೋಳು, ಕೊನೆಗೆ ಟಾಪ್‌ಲಿಂಕ್ ಎನ್ನುವ ಮೇಲಿನ ತೋಳು: ಇದೇ ಜೋಡಿಸುವ ಕ್ರಮ. ಬಿಚ್ಚುವಾಗ ಇದಕ್ಕೆ ತಿರುಗಾಮುರುಗ, ಅಂದರೆ ಮೇಲಿನದು, ಬಲಗಡೆಯದು, ಎಡಗಡೆಯದು. ಬಿಚ್ಚುವ ಮೊದಲು ಕೂರಿಗೆ ಪೂರ್ತಿಯಾಗಿ ನೆಲದ ಮೇಲೆ ಕುಳಿತಿರಬೇಕು. ನೆಲದ ಮೇಲೆ ನಿಂತುಕೊಂಡೇ ಕೈ ಚಾಚಿ ಲಿಫ್ಟಿನ ಸನ್ನೆ ಎಳೆಯುವುದು ತಪ್ಪು. ಆ ಸನ್ನೆಯನ್ನು ಚಾಲಕನು ತನ್ನ ಆಸನದಲ್ಲಿ ಕುಳಿತೇ ನಡೆಸತಕ್ಕದ್ದು.

ನೆಲಚಕ್ರದಿಂದ ನಡೆಯುವ ಸಾಮಾನ್ಯ ಕೂರಿಗೆಗೆ ಟ್ರ್ಯಾಕ್ಟರಿನ ಪಿ.ಟಿ.ಓ. ದಂಡದ ಅಗತ್ಯವಿಲ್ಲ. ಅದರ ಮೇಲೆ ಮುಚ್ಚಳ ಹಾಕಿಡಿ. ಗಾಳಿಯ ಒತ್ತಡದಿಂದ ಬೀಜ ಬಿಡುವ ಹೊಸ ಬಿತ್ತನೆ ಯಂತ್ರಗಳಿಗೆ ಈ ದಂಡ ಬೇಕಾಗುತ್ತದೆ. ನಿಮಿಷಕ್ಕೆ 540 ಸುತ್ತು ಎಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ಅಂಚೋ ಸೀರೆಯ ಸೆರಗೋ ಹೆಗಲ ಟವೆಲ್ಲೋ ಅದಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಯಾರಿಗೂ ವೇಳೆ ಸಿಗದು. ಅಂಥ ಯಂತ್ರದ ಬಳಿ ಕೆಲಸ ಮಾಡುವವರು ಬಟ್ಟೆಯನ್ನು ಬಿಗಿಯಾಗಿ ಕಟ್ಟಿಕೊಂಡಿರಬೇಕು, ದಂಡಕ್ಕೆ ಪೂರ್ಣ ಕವಚ ಇರಬೇಕು.

ಹೊಲದಲ್ಲಿ ಅನುಸರಿಸಬೇಕಾದ ಕ್ರಮಗಳು

ಬಿತ್ತನೆಯ ವೇಗ ಗಂಟೆಗೆ 3ರಿಂದ 5 ಕಿ.ಮೀ. ಇದ್ದರೆ ಸಾಕು. ಹೆಚ್ಚು ವೇಗದಲ್ಲಿ ಬೀಜ ಒಂದೇ ಆಳಕ್ಕೆ ಬೀಳುವುದಿಲ್ಲ. ಈ ವೇಗ ಮನುಷ್ಯನ ನಡಿಗೆಯ ವೇಗವೇ ಆಗಿದೆ. ಆದ್ದರಿಂದ ಬೀಜ ಬೀಳುವುದನ್ನು ನೋಡಿಕೊಳ್ಳುವ ಆಳು ಕೂರಿಗೆಯ ಹಿಂದೆ, ಸ್ವಲ್ಪ ಪಕ್ಕಕ್ಕೆ ನಡೆದೇ ಬರಬಹುದು. ಹಲಗೆಯ ಮೇಲೆ ನಿಂತು ಬರುವ ಅಗತ್ಯವೇ ಇಲ್ಲ. ಹಲಗೆ ಇರುವುದು ಕೂರಿಗೆಯನ್ನು ನೆಲಕ್ಕೆ ಇಳಿಸಿ ನಿಲ್ಲಿಸಿದಾಗ ಪೆಟ್ಟಿಗೆಗೆ ಬೀಜ ತುಂಬುವ ಸಲುವಾಗಿ ಎಂದು ತಿಳಿಯಿರಿ.

ಸಾಲಿನ ಕೊನೆಯಲ್ಲಿ ಮೊದಲು ಕೂರಿಗೆಯನ್ನು ಎತ್ತಿ, ಅನಂತರ ತಿರುಗಿಸಬೇಕು. ತಾಳು ಮಣ್ಣಿನಲ್ಲಿ ಇರುವಾಗ ತಿರುಗಿಸಿದರೆ ಚೌಕಟ್ಟು ಬಾಗುತ್ತದೆ. ಮಣ್ಣಿನಲ್ಲಿ ಇಟ್ಟೇ ಹಿಂದಕ್ಕೆ ತಂದರೆ ಕೊಳವೆಗಳ ಬಾಯಿಗೆ ಹಸಿ ಮಣ್ಣು ತುಂಬಿ ಎಲ್ಲವೂ ಒಟ್ಟಿಗೆ ಕಟ್ಟುತ್ತವೆ. ತಿರುಗಿಸಲು ಹೊಲದ ಎರಡೂ ತುದಿಗಳಲ್ಲಿ ಸುಮಾರು 6 ಮೀಟರ್ ಜಾಗ ಬಿಟ್ಟುಕೊಂಡು, ಅದನ್ನು ಕೊನೆಯಲ್ಲಿ ಅಡ್ಡ ಸಾಲುಗಳಾಗಿ ಬಿತ್ತಿ ಮುಗಿಸಿರಿ.

ಬೆಟ್ಟದ ತಪ್ಪಲಿನ ಹೊಲಗಳಲ್ಲಿ ಇಳಿಜಾರು ಹೆಚ್ಚು. ಬದುವನ್ನು ಓರೆಯಾಗಿ ಹತ್ತಿಸಬೇಡಿ. ಇಳಿಜಾರಿನಲ್ಲಿ ತಿರುಗಿಸುವಾಗ ವೇಗ ತಗ್ಗಿಸಿರಿ. ಕಡಿದಾದ ಸಣ್ಣ ತುಂಡು ಹೊಲಗಳಿಗೆ, ಉದಾಹರಣೆಗೆ ಸೋಲಿಗರ ಪೋಡುಗಳ ಸುತ್ತಿನ ರಾಗಿ ಹೊಲಗಳಿಗೆ, ಟ್ರ್ಯಾಕ್ಟರ್ ಕೂರಿಗೆ ತಕ್ಕದ್ದಲ್ಲ. ಅಲ್ಲಿ ಎತ್ತಿನ ಕೂರಿಗೆಯೇ ಉತ್ತಮ.

ಕೊಳವೆ ಕಟ್ಟಿದಾಗ: ಐದು ಹೆಜ್ಜೆ

ಹದ ಸ್ವಲ್ಪ ಹೆಚ್ಚಾದ ಮಣ್ಣಿನಲ್ಲಿ ಕೊಳವೆ ಕಟ್ಟುವುದು ಸಹಜ. ಆಗ ಚಾಲಕನು ಕೂರಿಗೆಯನ್ನು ಎತ್ತಿ, ಎಂಜಿನ್ ಓಡುತ್ತಿರುವಂತೆಯೇ ಇಳಿದು ಬಂದು ಅದರ ಕೆಳಗೆ ಕೈ ತೂರಿಸುವುದನ್ನು ನಾವು ಪ್ರತಿ ವರ್ಷವೂ ಕಾಣುತ್ತೇವೆ. ಇದೇ ಅತ್ಯಂತ ಅಪಾಯದ ಗಳಿಗೆ. ಅದರ ಬದಲು ಹೀಗೆ ಮಾಡಿರಿ:

ಒಂದು, ಟ್ರ್ಯಾಕ್ಟರ್ ನಿಲ್ಲಿಸಿ ಗೇರನ್ನು ತಟಸ್ಥಕ್ಕೆ ತನ್ನಿರಿ.

ಎರಡು, ಕೈ ಬ್ರೇಕು ಹಾಕಿರಿ.

ಮೂರು, ಕೂರಿಗೆಯನ್ನು ನೆಲಕ್ಕೆ ಇಳಿಸಿರಿ. ಅದರ ಕೆಳಭಾಗ ನೋಡಲೇಬೇಕಾಗಿದ್ದರೆ ದಿಮ್ಮಿಗಳ ಮೇಲೆ ಇಳಿಸಿರಿ.

ನಾಲ್ಕು, ಎಂಜಿನ್ ನಿಲ್ಲಿಸಿರಿ.

ಐದು, ಕೀಲಿಕೈಯನ್ನು ತೆಗೆದು ನಿಮ್ಮ ಜೇಬಿನಲ್ಲಿಟ್ಟುಕೊಂಡು ಕೆಳಗಿಳಿಯಿರಿ.

ಕೀಲಿಕೈ ಜೇಬಿನಲ್ಲಿರಬೇಕೆಂಬುದಕ್ಕೆ ಕಾರಣವಿದೆ. ನೀವು ಕೂರಿಗೆಯ ಬಳಿ ಬಗ್ಗಿರುವುದು ಮುಂದೆ ಇರುವವರಿಗೆ ಕಾಣದು. 'ಆಯಿತೆ?' ಎಂದು ಕೇಳಿ, ಉತ್ತರ ಕೇಳಿಸದಿದ್ದರೂ ಗಾಡಿ ಎಬ್ಬಿಸುವವರು ಇದ್ದಾರೆ. ಕೊಳವೆಯನ್ನು ಬೆರಳಿನಿಂದ ಬಿಡಿಸದೆ ಒಂದು ಗೇಣುದ್ದದ ಕಡ್ಡಿಯಿಂದ ಬಿಡಿಸಿರಿ. ಈ ಐದು ಹೆಜ್ಜೆಗೆ ಹಿಡಿಯುವ ಹೊತ್ತು ಒಂದು ನಿಮಿಷಕ್ಕೂ ಕಡಿಮೆ. ದಿನಕ್ಕೆ ಹತ್ತು ಬಾರಿ ಕೊಳವೆ ಕಟ್ಟಿದರೂ ಹೋಗುವುದು ಹತ್ತು ನಿಮಿಷ. ಎರಡು ದಿನದ ಹದದಲ್ಲಿ ಹತ್ತಿಪ್ಪತ್ತು ನಿಮಿಷ ನಷ್ಟವಲ್ಲ.

ಬೀಜೋಪಚಾರ ಮಾಡಿದ ಬೀಜ

ಶಿಲೀಂಧ್ರನಾಶಕ ಅಥವಾ ಕೀಟನಾಶಕ ಲೇಪಿಸಿದ ಬೀಜವನ್ನು ಬರಿಗೈಯಿಂದ ಪೆಟ್ಟಿಗೆಯಲ್ಲಿ ಕೈಯಾಡಿಸಬಾರದು. ಕೈಗವಸು ಹಾಕಿಕೊಳ್ಳಿರಿ, ಗಾಳಿಗೆ ಬೆನ್ನು ಕೊಟ್ಟು ಸುರಿಯಿರಿ. ಬುತ್ತಿ ಬಿಚ್ಚುವ ಮುನ್ನ, ಎಲೆಅಡಿಕೆ ಅಥವಾ ಬೀಡಿಗೆ ಕೈ ಹಾಕುವ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ. ಉಳಿದ ಬೀಜವನ್ನು ಕೋಳಿಗೂ ದನಕ್ಕೂ ಹಾಕಬಾರದು. ಖಾಲಿ ಚೀಲವನ್ನು ಮನೆಯ ದವಸಕ್ಕೆ ಬಳಸಬಾರದು.

ರಸ್ತೆಯ ಮೇಲೆ ಸಾಗಿಸುವಾಗ

ಪುಣಜನೂರು ಭಾಗದ ರೈತರು ಈ ಅಂಶಗಳಿಗೆ ವಿಶೇಷ ಗಮನ ಕೊಡಬೇಕು. ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೋಗುವ ಹೆದ್ದಾರಿ, ಹಿಂದೆ 209 ಎಂದಿದ್ದು ಈಗ ರಾಷ್ಟ್ರೀಯ ಹೆದ್ದಾರಿ 948 ಆಗಿರುವುದು, ಅನೇಕರ ಮನೆಗೂ ಹೊಲಕ್ಕೂ ನಡುವೆಯೇ ಹಾದುಹೋಗುತ್ತದೆ. ಕೊಯಮತ್ತೂರಿನ ಕಡೆಯ ಲಾರಿ, ಬಸ್ಸುಗಳೊಂದಿಗೆ ನಮ್ಮ ಕೂರಿಗೆಯೂ ಅದೇ ರಸ್ತೆಯಲ್ಲಿ ಸಾಗಬೇಕಾಗಿದೆ.

ಪೆಟ್ಟಿಗೆ ಖಾಲಿ ಇರಲಿ: ಬೀಜ, ಗೊಬ್ಬರಗಳನ್ನು ಬೇರೆಯಾಗಿ ಹೊಲಕ್ಕೆ ತಲುಪಿಸಿ ಅಲ್ಲಿಯೇ ತುಂಬಿರಿ. ಕೂರಿಗೆಯ ಭಾರವು ಟ್ರ್ಯಾಕ್ಟರಿನ ಹಿಂದಿನ ಚಕ್ರಕ್ಕಿಂತ ಹೊರಗೆ ತೂಗಾಡುವುದರಿಂದ ತಕ್ಕಡಿಯಂತೆ ಮುಂದಿನ ಚಕ್ರಗಳನ್ನು ಹಗುರ ಮಾಡುತ್ತದೆ. 2,000 ಕಿ.ಗ್ರಾಂ. ತೂಕದ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳ ಮೇಲೆ ಸುಮಾರು 800 ಕಿ.ಗ್ರಾಂ. ಇದೆ ಎಂದಿಟ್ಟುಕೊಳ್ಳಿ. ತುಂಬಿದ 400 ಕಿ.ಗ್ರಾಂ. ಕೂರಿಗೆ ಹಿಂದಿನ ಅಚ್ಚಿನಿಂದ ಒಂದೂವರೆ ಮೀಟರ್ ಆಚೆ ತೂಗಿದರೆ, ಎರಡು ಮೀಟರ್ ಚಕ್ರಾಂತರದ ಟ್ರ್ಯಾಕ್ಟರಿನಲ್ಲಿ ಮುಂದಿನ ಚಕ್ರಗಳ ಮೇಲಿನ ಭಾರ 300 ಕಿ.ಗ್ರಾಂ. ಕಡಿಮೆಯಾಗುತ್ತದೆ. ಏರು ಹತ್ತುವಾಗ ಇನ್ನೂ ಕಡಿಮೆ. ಮುಂದಿನ ಚಕ್ರ ನೆಲವನ್ನು ಸರಿಯಾಗಿ ಒತ್ತದಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗದು. ಟ್ರ್ಯಾಕ್ಟರಿನ ಸ್ವಂತ ತೂಕದ ಶೇಕಡ 20 ಭಾಗವಾದರೂ ಸದಾ ಮುಂದಿನ ಚಕ್ರಗಳ ಮೇಲೆ ಇರಬೇಕೆಂಬುದು ನಿಯಮ. ಕಡಿಮೆ ಬಿದ್ದರೆ ಮುಂಭಾಗಕ್ಕೆ ತೂಕದ ಬಿಲ್ಲೆಗಳನ್ನು ಹಾಕಿಸಿರಿ.

ಎತ್ತರ ಮತ್ತು ಬಿಗಿತ: ತಾಳಿನ ಮೊನೆಗಳು ನೆಲದಿಂದ ಸುಮಾರು ಒಂದೂವರೆ ಅಡಿ ಮೇಲಿರುವಂತೆ ಎತ್ತಿದರೆ ಸಾಕು. ತೀರ ಮೇಲೆತ್ತಿದರೆ ಕುಲುಕಾಟ ಹೆಚ್ಚು. ನೆಲಚಕ್ರವನ್ನು ಮೇಲಕ್ಕೆತ್ತಿ ಕೊಕ್ಕೆ ಹಾಕಿರಿ. ಕೆಳತೋಳುಗಳ ಪಕ್ಕದ ಸರಪಳಿಗಳನ್ನು ಬಿಗಿ ಮಾಡಿ ಕೂರಿಗೆ ಅತ್ತಿತ್ತ ತೊನೆಯದಂತೆ ನೋಡಿಕೊಳ್ಳಿರಿ. ಲಿಫ್ಟಿನ ಸನ್ನೆಗೆ ತಡೆ ಹಾಕಿರಿ.

ಎರಡು ಬ್ರೇಕು ಒಂದಾಗಿರಲಿ: ಹೊಲದಲ್ಲಿ ತಿರುಗಿಸಲು ಅನುಕೂಲವಾಗಲೆಂದು ಎಡ ಬಲದ ಬ್ರೇಕುಗಳನ್ನು ಬೇರೆ ಮಾಡಿಕೊಂಡಿರುತ್ತೇವೆ. ರಸ್ತೆಗೆ ಬರುವ ಮುನ್ನ ಅವುಗಳನ್ನು ಕೊಂಡಿಯಿಂದ ಕೂಡಿಸಲೇಬೇಕು. ಓಡುತ್ತಿರುವಾಗ ಒಂದೇ ಕಡೆಯ ಬ್ರೇಕು ಹಿಡಿದರೆ ಟ್ರ್ಯಾಕ್ಟರ್ ಮಗುಚುತ್ತದೆ.

ವೇಗ ಮತ್ತು ಅಗಲ: ಗಂಟೆಗೆ 20 ಕಿ.ಮೀ. ವೇಗದಲ್ಲಿ ಟ್ರ್ಯಾಕ್ಟರ್ ಸೆಕೆಂಡಿಗೆ ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಇದಕ್ಕಿಂತ ವೇಗ ಬೇಡ. ಹಳ್ಳಿಯ ಡಾಂಬರು ರಸ್ತೆಯ ಅಗಲ ಸಾಮಾನ್ಯವಾಗಿ 3.75 ಮೀಟರ್. ಅದರಲ್ಲಿ ಎರಡು ಮೀಟರಿಗಿಂತ ಹೆಚ್ಚನ್ನು ಕೂರಿಗೆಯೇ ಹಿಡಿಯುತ್ತದೆ. ಎದುರಿಗೆ ವಾಹನ ಬಂದರೆ ಅಗಲವಾದ ಕಡೆ ನಿಂತು ಅದಕ್ಕೆ ದಾರಿ ಬಿಡಿರಿ. ಚಾಲಕನಿಗೆ ಟ್ರ್ಯಾಕ್ಟರಿನ ಅಗಲದ ಅಂದಾಜು ಇರುತ್ತದೆ, ಹಿಂದಿನ ಕೂರಿಗೆಯ ಅಂದಾಜು ಇರುವುದಿಲ್ಲ. ತಿರುವಿನಲ್ಲಿ ಕೂರಿಗೆಯ ಹೊರತುದಿ ಬೀಸಿ ಬರುತ್ತದೆ ಎಂಬುದನ್ನು ಮರೆಯಬೇಡಿ.

ಗುರುತು: ಕೂರಿಗೆಯ ಎರಡು ತುದಿಗಳಿಗೆ ಕೆಂಪು ಬಟ್ಟೆ ಕಟ್ಟಿರಿ, ಹಿಂಭಾಗಕ್ಕೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿರಿ. ಕೂರಿಗೆ ಟ್ರ್ಯಾಕ್ಟರಿನ ಹಿಂದಿನ ದೀಪಗಳನ್ನು ಮರೆ ಮಾಡುತ್ತದೆಯಾದ್ದರಿಂದ ಇದು ಅತ್ಯವಶ್ಯಕ. ಹೆದ್ದಾರಿ ದಾಟುವ ಮುನ್ನ ಪೂರ್ತಿಯಾಗಿ ನಿಂತು ಎರಡೂ ಕಡೆ ನೋಡಿರಿ. ಸ್ಟಿಯರಿಂಗ್ ಹಿಡಿದ ಕೈಯಲ್ಲಿ ಮೊಬೈಲು ಬೇಡ.

ಸವಾರಿ ಬೇಡ: ಕೂರಿಗೆಯ ಹಲಗೆ, ಬೀಜದ ಪೆಟ್ಟಿಗೆ, ಟ್ರ್ಯಾಕ್ಟರಿನ ಮಡ್‌ಗಾರ್ಡು, ಇವುಗಳ ಮೇಲೆ ಯಾರನ್ನೂ ಕೂರಿಸಬಾರದು. ಮೋಟಾರು ವಾಹನ ನಿಯಮಗಳೂ ಇದನ್ನೇ ಹೇಳುತ್ತವೆ. ಟ್ರ್ಯಾಕ್ಟರಿನಲ್ಲಿ ಆಸನ ಇರುವುದು ಒಂದೇ, ಅದು ಚಾಲಕನದು.

ಕಾಡಿನ ಅಂಚಿನಲ್ಲಿ

ಪುಣಜನೂರಿನ ಸುತ್ತಲಿನ ಕಾಡು 2011ರಲ್ಲಿ ಘೋಷಿತವಾದ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಆನೆಗಳು ಹೊಲಕ್ಕೆ ಬಾರದಂತೆ ಕಾಡಿನ ಅಂಚಿನಲ್ಲಿ ಕಂದಕ ತೋಡಿರುವ ಕಡೆ ಅದರ ಆಳ ಸುಮಾರು 3 ಮೀಟರ್ ಇರುತ್ತದೆ. ಕಂದಕದ ಅಂಚಿನವರೆಗೂ ಬಿತ್ತುವ ಆಸೆ ಸಹಜ. ಆದರೆ ಮಳೆಯಲ್ಲಿ ನೆನೆದ ಅಂಚು ಟ್ರ್ಯಾಕ್ಟರಿನ ಭಾರಕ್ಕೆ ಕುಸಿಯುತ್ತದೆ. ಯಾವುದೇ ಹಳ್ಳ ಅಥವಾ ಕಂದಕದಿಂದ ಅದರ ಆಳದಷ್ಟಾದರೂ ದೂರ ಇರಬೇಕೆಂಬುದು ನೆನಪಿಡಬೇಕಾದ ಸೂತ್ರ. 3 ಮೀಟರ್ ಆಳದ ಕಂದಕಕ್ಕೆ 3 ಮೀಟರ್ ದೂರ ಕನಿಷ್ಠ, ಹಸಿ ಮಣ್ಣಿನಲ್ಲಿ 5 ಮೀಟರ್ ಬಿಡುವುದು ಕ್ಷೇಮ. ಬಿಟ್ಟ ಜಾಗದಲ್ಲಿ ಕೈಯಿಂದ ಹುರುಳಿ ಎರಚಬಹುದು. ಸೌರ ಬೇಲಿಯ ತಂತಿಗೆ ಎತ್ತಿದ ಕೂರಿಗೆ ತಗುಲದಂತೆ ತಿರುಗಿಸಿರಿ.

ಕತ್ತಲಾದ ಮೇಲೆ ಕಾಡಿನ ಅಂಚಿನ ರಸ್ತೆಯಲ್ಲಿ ಕೂರಿಗೆ ಸಾಗಿಸಬೇಡಿ. ಎದುರಿಗೆ ಆನೆ ಬಂದರೆ ಕೂರಿಗೆ ಕಟ್ಟಿದ ಟ್ರ್ಯಾಕ್ಟರನ್ನು ಕಿರಿದಾದ ರಸ್ತೆಯಲ್ಲಿ ಹಿಂದಕ್ಕೆ ತಿರುಗಿಸಲು ಆಗದು. ಇದಲ್ಲದೆ, ತಮಿಳುನಾಡಿನ ದಿಂಬಂ ಘಟ್ಟದ ಹಾದಿಯಲ್ಲಿ 2022ರಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಸಂಜೆಯ ಹೊತ್ತು ಗಡುವಿಗೆ ಮುನ್ನ ದಾಟುವ ಆತುರದಲ್ಲಿರುವ ಲಾರಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಂಜೆ ಐದಕ್ಕೆ ಕೆಲಸ ನಿಲ್ಲಿಸಿ, ಬೆಳಕಿರುವಾಗಲೇ ಮನೆ ಸೇರುವ ಲೆಕ್ಕ ಹಾಕಿಕೊಳ್ಳಿರಿ. ಸಾಧ್ಯವಾದರೆ ಅಕ್ಕಪಕ್ಕದ ಹೊಲದವರು ಮಾತನಾಡಿಕೊಂಡು, ಒಂದು ಬಯಲಿನ ಹೊಲಗಳನ್ನೆಲ್ಲ ಒಂದೇ ದಿನ ಬಿತ್ತಿಸಿಕೊಂಡರೆ ಕೂರಿಗೆ ರಸ್ತೆಗೆ ಬರುವುದೇ ಕಡಿಮೆಯಾಗುತ್ತದೆ, ಬಾಡಿಗೆಯೂ ಉಳಿಯುತ್ತದೆ.

ಮಕ್ಕಳ ವಿಷಯ

ನಮ್ಮ ಭಾಗದ ಮುಂಗಾರು ಪೂರ್ವ ಬಿತ್ತನೆಯೂ ಶಾಲೆಗಳ ಬೇಸಿಗೆ ರಜೆಯೂ ಒಂದೇ ಕಾಲಕ್ಕೆ ಬರುತ್ತವೆ. ಮಕ್ಕಳು ಹೊಲಕ್ಕೆ ಬರುವುದು ಒಳ್ಳೆಯದೇ, ಅವರು ಬೇಸಾಯ ಕಲಿಯುವುದು ಹಾಗೆಯೇ. ಆದರೆ ಅವರು ನಿಲ್ಲುವ ಜಾಗವನ್ನು ಹಿರಿಯರು ಮೊದಲೇ ಗೊತ್ತು ಮಾಡಬೇಕು. ಒಂದು ಮರದ ನೆರಳೋ ಬದುವಿನ ಮೇಲಿನ ಜಾಗವೋ ಆಗಬಹುದು. ಟ್ರ್ಯಾಕ್ಟರ್ ಹಿಂದಕ್ಕೆ ಬರುವ ಮುನ್ನ ಚಾಲಕನು ಆ ಜಾಗದ ಕಡೆ ನೋಡಿ ಮಕ್ಕಳ ತಲೆಗಳನ್ನು ಎಣಿಸಬೇಕು. ಎಣಿಕೆ ತಪ್ಪಿದರೆ ಗಾಡಿ ಅಲುಗಬಾರದು.

ಅವಘಡ ನಡೆದರೆ

ಮೊದಲು ಎಂಜಿನ್ ನಿಲ್ಲಿಸಿರಿ. ಕೂರಿಗೆಯ ಕೆಳಗೆ ಸಿಕ್ಕಿದವರಿದ್ದರೆ ಗಡಿಬಿಡಿಯಲ್ಲಿ ಲಿಫ್ಟು ಆಡಿಸದೆ, ದಿಮ್ಮಿಗಳನ್ನು ಪಕ್ಕಕ್ಕೆ ಕೊಡುತ್ತಾ ನಿಧಾನವಾಗಿ ಎತ್ತಿರಿ. ರಕ್ತ ಸುರಿಯುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೂಳೆ ಮುರಿದಂತಿದ್ದರೆ ಎಳೆಯಬಾರದು, ನೀವಬಾರದು, ಎಣ್ಣೆ ಹಚ್ಚಬಾರದು. 108ಕ್ಕೆ ಕರೆಮಾಡಿ ಹೊಲಕ್ಕೆ ಬರುವ ದಾರಿಯನ್ನು ಸರಿಯಾಗಿ ತಿಳಿಸಿ, ಒಬ್ಬರನ್ನು ರಸ್ತೆಯಲ್ಲಿ ನಿಲ್ಲಿಸಿರಿ. ಕಾಡಿನ ಅಂಚಿನಲ್ಲಿ ಮೊಬೈಲಿಗೆ ಸಂಕೇತ ಎಲ್ಲಿ ಸಿಗುತ್ತದೆಂಬುದನ್ನು ಬಿತ್ತನೆಗೆ ಮುನ್ನವೇ ತಿಳಿದುಕೊಂಡಿರುವುದು ಮೇಲು.

ಕೊನೆಯ ಮಾತು

ಬಿತ್ತನೆ ಮುಗಿದ ದಿನ ಪೆಟ್ಟಿಗೆಗಳನ್ನು ಖಾಲಿ ಮಾಡಿ, ತೊಳೆದು, ಸರಪಳಿಗೆ ಎಣ್ಣೆ ಬಿಟ್ಟು, ಕೂರಿಗೆಯನ್ನು ನೆರಳಿನಲ್ಲಿ ಹಲಗೆಗಳ ಮೇಲೆ ಇಳಿಸಿಡಿರಿ. ಬಾಡಿಗೆ ಕೂರಿಗೆಯಾದರೆ ಸಡಿಲವಾದ ಪಿನ್ನು, ಮುಚ್ಚಳವಿಲ್ಲದ ಸರಪಳಿ ಮುಂತಾದ ದೋಷಗಳನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳಿರಿ. ಕೂರಿಗೆಯ ಹೊಂದಾಣಿಕೆಯನ್ನು ಕಲಿಯಬಯಸುವವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮೇಲೆ ಹೇಳಿದ ಎಲ್ಲವೂ ನೆನಪಿನಲ್ಲಿ ಉಳಿಯದಿದ್ದರೆ ಮೂರನ್ನಾದರೂ ಉಳಿಸಿಕೊಳ್ಳಿರಿ. ಕೂರಿಗೆ ನೆಲಕ್ಕೆ, ಕೀಲಿಕೈ ಜೇಬಿಗೆ, ಆಮೇಲೆ ಕೈ ಕೊಳವೆಗೆ. ರಸ್ತೆಗೆ ಬಂದಾಗ ಪೆಟ್ಟಿಗೆ ಖಾಲಿ, ಹಲಗೆಯೂ ಖಾಲಿ. ಕತ್ತಲಿಗೆ ಮುನ್ನ ಮನೆ.

ಮತ್ತೊಂದು ಮಾತು. ಹಲಗೆಯ ಮೇಲೆ ಮಗು ನಿಂತಿರುವುದನ್ನು ಕಂಡರೆ, ಕೂರಿಗೆ ನಿಮ್ಮದಲ್ಲದಿದ್ದರೂ, ಮಗು ನಿಮ್ಮದಲ್ಲದಿದ್ದರೂ, ಕೂಗಿ ನಿಲ್ಲಿಸಿರಿ. ನಾನು ಅಂದು ಸುಮ್ಮನಿದ್ದೆ. ಅಂದಿನಿಂದ ಎಲ್ಲಿ ಕಂಡರೂ ಜೀಪು ನಿಲ್ಲಿಸಿ ಇಳಿಸುತ್ತೇನೆ. ಬೈದುಕೊಂಡವರು ಉಂಟು. ಪರವಾಗಿಲ್ಲ. ಹದ ತಪ್ಪಿದರೆ ಮುಂದಿನ ಮಳೆಗೆ ಇನ್ನೊಂದು ಬೆಳೆ ಹಾಕಬಹುದು.